ಆಂಬ್ರೋಸನ ಕೋವಿ, ಕ್ಲೀಟಸನ ಬೋಲ್ಟು

ನಾರ್ಬರ್ಟ್ ವೆಲ್ಲರ್ ಜೀವಮಾನವಿಡೀ ಮರಕ್ಕೆ ಪಾಲಿಷ್ ಹೊಡೆದು ಹೊಟ್ಟೆ ಹೊರೆದವನು. ದಕ್ಷಿಣ ಇಂಡಿಯಾನಾದ ಆ ಊರಿನಲ್ಲಿ ಗಂಡಸಾಗಿ ಹುಟ್ಟಿದವನಿಗೆ ಇದ್ದ ದಾರಿಗಳೇ ಎರಡು. ಒಂದು ಹಂದಿ ಸಾಕುವುದು, ಇನ್ನೊಂದು ಮೇಜು-ಕುರ್ಚಿ ಕಾರ್ಖಾನೆಗೆ ಹೋಗುವುದು. ನಾರ್ಬರ್ಟನಿಗೆ ಹಂದಿಯ ವಾಸನೆ ಆಗಿಬರುತ್ತಿರಲಿಲ್ಲ. ಹಾಗಾಗಿ ಕಾರ್ಖಾನೆ ಸೇರಿ, ದೊಡ್ಡ ದೊಡ್ಡ ಕಚೇರಿಗಳ ಸಾಹೇಬರು ಮುಖ ನೋಡಿಕೊಳ್ಳುವ ಹಾಗೆ ಮೇಜುಗಳನ್ನು ತಿಕ್ಕಿ ತಿಕ್ಕಿ, ಕೊನೆಗೆ ಅಲ್ಲೇ ಮೇಸ್ತ್ರಿಯಾಗಿ ನಿವೃತ್ತನಾದ. ಇಂಥವನ ಮನೆಯ ನೆಲಮಾಳಿಗೆಗೆ ಇಳಿದು ನೋಡಿದರೆ, ಗೋಡೆಯುದ್ದಕ್ಕೂ ನಿಂತ ಹಳೆಯ ಸೈನ್ಯದ ಕೋವಿಗಳಲ್ಲಿ ಒಂದಕ್ಕೂ ಹೊಳಪಿರಲಿಲ್ಲ. ಎಣ್ಣೆ ಕುಡಿದು ಕಪ್ಪಾದ ಮರ, ಗೀರು, ಕಲೆ, ಯಾವನೋ ಸಿಪಾಯಿ ಬೇಸರ ಕಳೆಯಲು ಚಾಕುವಿನಲ್ಲಿ ಕೊರೆದ ಹುಡುಗಿಯ ಹೆಸರು. ಎಲ್ಲವನ್ನೂ ಅವನು ಹೇಗಿತ್ತೋ ಹಾಗೇ ಬಿಟ್ಟಿದ್ದ.

ಅವನು ಬೇಟೆಯವನಲ್ಲ. ಜಿಂಕೆ ಕಂಡರೆ ಕಾರು ನಿಲ್ಲಿಸಿ ದಾರಿ ಬಿಡುವ ಜಾತಿ. ಆದರೆ ಅವನ ಪ್ರಾಯದ ಕಾಲದಲ್ಲಿ ದೇಶದೇಶಗಳ ಸರ್ಕಾರಗಳು ಯುದ್ಧ ಮುಗಿಸಿ ಉಳಿದ ಕೋವಿಗಳನ್ನು ತೂಕಕ್ಕೆ ಹಾಕಿ ಮಾರಿದವು. ಹಡಗು ಹಡಗು ತುಂಬಿ ಬಂದ ಆ ಸರಕು ಊರಿನ ಹಾರ್ಡ್‌ವೇರ್ ಅಂಗಡಿಯ ಪೀಪಾಯಿಯಲ್ಲಿ ಪೊರಕೆಗಳ ಹಾಗೆ ನಿಂತಿರುತ್ತಿತ್ತು. ಮೈಗೆಲ್ಲ ಕಂದು ಬಣ್ಣದ ದಪ್ಪ ಗ್ರೀಸು ಮೆತ್ತಿಕೊಂಡಿರುತ್ತಿತ್ತು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಾರಿನ ಮೇಲೆ ಬಿಸಿಲಿಗಿಟ್ಟರೆ ಗ್ರೀಸು ಕರಗಿ ಸುರಿಯುತ್ತದೆ. ಬಿಸಿಲಿಲ್ಲದ ನವೆಂಬರಿನಲ್ಲಿ ನಾರ್ಬರ್ಟ್ ಒಮ್ಮೆ ಒಂದು ರಷ್ಯಾ ಕೋವಿಯ ಬಿಡಿಭಾಗಗಳನ್ನು ಹೆಂಡತಿಯ ಓವನ್ನಿನಲ್ಲಿಟ್ಟ. ಆ ವಾರದ ಹಬ್ಬದ ಟರ್ಕಿ ಕೋಳಿಯನ್ನು ನೆಂಟರು ಮೂಸಿ ಮೂಸಿ ತಿಂದರು.

"ಚೆನ್ನಾಗಿದ್ಯಾ?" ಅಂತ ಹೆಂಡತಿ ಕೇಳಿದ್ದಕ್ಕೆ ಅವನ ಅತ್ತೆ, "ಚೆನ್ನಾಗಿದೆ ಕಣಮ್ಮ ಲೊರೆಟ್ಟಾ, ಆದ್ರೆ ಈ ಕೋಳಿ ರಷ್ಯಾ ಸೈನ್ಯದಲ್ಲಿ ಕೆಲಸ ಮಾಡಿತ್ತಾ?" ಅಂದಳು.

ಗ್ರೀಸು ತೆಗೆಯುವುದರಲ್ಲಿ ನಾರ್ಬರ್ಟನಿಗೆ ಎಷ್ಟು ಶ್ರದ್ಧೆಯೋ, ಅದಕ್ಕಿಂತ ಒಂದು ಕೂದಲು ಹೆಚ್ಚಿಗೆ ಯಾರಾದರೂ ಮುಟ್ಟಿದರೆ ಅಷ್ಟೇ ಸಿಟ್ಟು. ಒರೆಸಬಹುದು, ತಿಕ್ಕಬಾರದು. ಇದು ಅವನ ಹತ್ತು ಆಜ್ಞೆಗಳ ಆಚೆಗಿನ ಹನ್ನೊಂದನೆಯ ಆಜ್ಞೆ. ಪ್ರತಿ ವಸಂತದಲ್ಲಿ ಕೌಂಟಿ ಮೈದಾನದ ತಗಡಿನ ಶೆಡ್ಡಿನಲ್ಲಿ ಕೋವಿ ಸಂತೆ ನಡೆಯುತ್ತದೆ. ಬೇಸಿಗೆಯಲ್ಲಿ ಕರುಗಳ ಪ್ರದರ್ಶನ ನಡೆಯುವುದೂ ಅಲ್ಲೇ, ಹಾಗಾಗಿ ಸಗಣಿ ವಾಸನೆ ಬಿಟ್ಟಿ. ಅಲ್ಲಿಗೆ ಒಂದು ಸಲ ಮರ ಸಾಗಿಸುವ ಲಾರಿ ಓಡಿಸುವ ಕರ್ಟಿಸ್ ಎಂಬ ತರುಣ, ತಾನು ಹೊಸದಾಗಿ ಕೊಂಡ ಇಂಗ್ಲಿಷ್ ಕೋವಿಯ ಮರವನ್ನು ಉಪ್ಪುಕಾಗದದಲ್ಲಿ ಉಜ್ಜಿ, ವಾರ್ನಿಷ್ ಬಳಿದು, ಹೆಮ್ಮೆಯಿಂದ ತಂದು ನಾರ್ಬರ್ಟನ ಮುಂದಿಟ್ಟ. ನಾರ್ಬರ್ಟ್ ಅದನ್ನು ಮುಟ್ಟಲೂ ಇಲ್ಲ.

"ಇದರ ಮೇಲೆ ಕಾರ್ಖಾನೆ ಮುದ್ರೆ ಇತ್ತಾ?"

"ಇತ್ತು ಅನ್ಸತ್ತೆ. ಅಷ್ಟೇನೂ ಕಾಣ್ತಿರಲಿಲ್ಲ."

"ಈಗ ಎಲ್ಲಿದೆ?"

ಕರ್ಟಿಸ್ ಹಲ್ಲುಬಿಟ್ಟ.

"ನೆಲದ ಮೇಲೆ ಪುಡಿಯಾಗಿ ಬಿದ್ದಿರತ್ತೆ, ಗುಡಿಸಿ ಒಂದು ಡಬ್ಬಿಗೆ ಹಾಕಿಟ್ಕೋ. ಕೋವಿಗಿಂತ ಅದಕ್ಕೇ ಬೆಲೆ ಜಾಸ್ತಿ. ನಿಮ್ಮಜ್ಜಿ ಮುಖಾನೂ ಹೀಗೇ ಉಜ್ಜಿದ್ಯಾ, ಸುಕ್ಕು ಹೋಗ್ಲಿ ಅಂತ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಕರ್ಟಿಸನಿಗೆ ಆ ಮಾತು ಹೆಸರಾಗಿ ಅಂಟಿಕೊಂಡು, ಮಕ್ಕಳಾದ ಮೇಲೂ ಜನ ಅವನನ್ನು ಅಜ್ಜಿಮುಖ ಅಂತಲೇ ಕರೆದರು. ನಾರ್ಬರ್ಟನ ನಾಲಿಗೆ ಹಾಗಿತ್ತು. ಸರಿ ಎಂದು ಗೊತ್ತಿದ್ದ ಕಡೆ ಅವನಿಗೆ ದಯೆ ತೋರಿಸಲು ಬರುತ್ತಿರಲಿಲ್ಲ ಎಂದು ಹೇಳಿಬಿಡುವುದೇ ಒಳ್ಳೆಯದು.

ಅಷ್ಟು ಕೋವಿಗಳಿದ್ದರೂ ಅವನಿಗೆ ಬೇಕಾಗಿದ್ದದ್ದು ಒಂದೇ. ಅದು ಅವನ ಅಣ್ಣ ಆಂಬ್ರೋಸ್ ಎರಡನೇ ಮಹಾಯುದ್ಧದಿಂದ ತಂದ ಜರ್ಮನ್ ಕೋವಿ. ಅಪ್ಪನ ಅಜ್ಜ ಜರ್ಮನಿಯಿಂದ ಬಂದವನು, ಮೊಮ್ಮಗನ ಮಗ ಜರ್ಮನಿಗೆ ಹೋಗಿ ಅಲ್ಲಿಯವರ ಕೋವಿ ಕಿತ್ತುಕೊಂಡು ಬಂದ, ಲೋಕದ ಲೆಕ್ಕ ಹಾಗಿರುತ್ತದೆ. ಚೀಲದಲ್ಲಿ ಹಿಡಿಯುವುದಿಲ್ಲವೆಂದು ಆಂಬ್ರೋಸ್ ಕೋವಿಯ ಮರವನ್ನು ಗರಗಸದಲ್ಲಿ ಎರಡು ತುಂಡು ಮಾಡಿದ್ದ. ಕಬ್ಬಿಣದ ಪಟ್ಟಿಯ ಕೆಳಗೆ ಕೊಯ್ದಿದ್ದರಿಂದ ಜೋಡಿಸಿದರೆ ಕಾಣುತ್ತಿರಲಿಲ್ಲ. ಆದರೆ ಹಡಗು ಹತ್ತುವಾಗ ಒಂದು ಆಜ್ಞೆ ಬಂತು. ಯಾರ ಹತ್ತಿರ ಕೋವಿ ಇದೆಯೋ ಅವರೆಲ್ಲ ಬೋಲ್ಟು ಬಿಚ್ಚಿ ಪೆಟ್ಟಿಗೆಗೆ ಹಾಕಿ, ಹಡಗಿನಲ್ಲಿ ಯಾರೂ ಯಾರಿಗೂ ಗುಂಡು ಹೊಡೆಯುವುದು ಬೇಡ. ಬೋಲ್ಟು ಎಂದರೆ ಗುಂಡನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಅಗುಳಿ ಹಾಕುವ ಉಕ್ಕಿನ ತುಂಡು. ಅದಿಲ್ಲದ ಕೋವಿ ಬರೀ ದೊಣ್ಣೆ. ನ್ಯೂಯಾರ್ಕಿನಲ್ಲಿ ಇಳಿಯುವಾಗ ಆ ಪೆಟ್ಟಿಗೆಯನ್ನು ನೆಲಕ್ಕೆ ಸುರಿದರು, ಮನೆಗೆ ಹೋಗುವ ಅವಸರದಲ್ಲಿ ಹುಡುಗರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರು.

ಜರ್ಮನರು ಕೋವಿಗೂ ಅದರ ಬೋಲ್ಟಿಗೂ ಒಂದೇ ನಂಬರು ಕುಟ್ಟುವವರು. ಆಂಬ್ರೋಸನ ಕೋವಿಯ ಮೇಲೆ 4471, ಕೆಳಗೆ ಒಂದು ಸಣ್ಣ ಅಕ್ಷರ, ಕೋವಿ ಕಾರ್ಖಾನೆಯ ಹದ್ದಿನ ಮುದ್ರೆ. ಅದರಲ್ಲಿ ಕೂತಿದ್ದ ಬೋಲ್ಟಿನ ಮೇಲೆ ಬೇರೆಯದೇ ನಂಬರು. ಹಾಕಿದರೆ ಕೂರುತ್ತಿತ್ತು, ಆದರೆ ಕಡೆಯಲ್ಲಿ ಕರಕರ ಎಂದು ತಡೆದು, ಅಂಗೈ ಒತ್ತಿದ ಮೇಲೇ ಮುಚ್ಚುತ್ತಿತ್ತು.

"ಇದು ನಂದಲ್ಲ ಕಣೋ," ಎಂದು ಆಂಬ್ರೋಸ್ ಕೊಟ್ಟಿಗೆಯ ಬಾಗಿಲಲ್ಲಿ ಕೂತು ತಮ್ಮನಿಗೆ ಹೇಳಿದ್ದ. "ನಂದು ಯಾವನ ಹತ್ರಾನೋ ಇದೆ. ಅವನಿಗೂ ಹೀಗೇ ಕರಕರ ಅಂತಿರತ್ತೆ. ಒಂದಿನ ಹುಡುಕ್ಬೇಕು, ಇಬ್ರದ್ದೂ ಸರಿಹೋಗತ್ತೆ."

ಹುಡುಕಲು ಅವನಿಗೆ ಆಯುಸ್ಸಿರಲಿಲ್ಲ. ಐವತ್ತಮೂರರ ಅಕ್ಟೋಬರಿನಲ್ಲಿ ಇಳಿಜಾರಿನ ಹೊಲದಲ್ಲಿ ಟ್ರ್ಯಾಕ್ಟರು ಮಗುಚಿ ಹೋಗಿಬಿಟ್ಟ. ಮದುವೆಯಾಗಿರಲಿಲ್ಲ. ಅವನಿಂದ ಉಳಿದದ್ದು ಆ ಕೋವಿ ಮತ್ತು ಆ ಮಾತು. ನಾರ್ಬರ್ಟ್ ಎರಡನ್ನೂ ಇಟ್ಟುಕೊಂಡ. ಅಲ್ಲಿಂದ ಮುಂದೆ ಅವನು ಕೋವಿ ಕೂಡಿಸಿದ್ದು ಆಸೆಯಿಂದಲೋ ಹುಡುಕಾಟದ ನೆಪಕ್ಕೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಯಾವ ಸಂತೆಗೆ ಹೋದರೂ ಕಂಡ ಪ್ರತಿ ಜರ್ಮನ್ ಕೋವಿಯ ಬೋಲ್ಟಿನ ಬುಡವನ್ನು ಮೊದಲು ನೋಡುತ್ತಿದ್ದ.

ಅದು ಸಿಕ್ಕಿತು. ದೂರವೇನೂ ಅಲ್ಲ, ಪಕ್ಕದ ಮೇಜಿನಲ್ಲಿ, ಕ್ಲೀಟಸ್ ಬಾಕ್‌ನ ಹತ್ತಿರ.

ಕ್ಲೀಟಸ್ ಅವನ ಶಾಲೆಯ ಗೆಳೆಯ, ಕಾರ್ಖಾನೆಯ ಜೊತೆಗಾರ, ಗುರುವಾರದ ಇಸ್ಪೀಟಿನ ಎದುರಾಳಿ, ಮತ್ತು ಕೋವಿಯ ವಿಷಯದಲ್ಲಿ ಹುಟ್ಟಾ ಪ್ರತಿಸ್ಪರ್ಧಿ. ಕೆಂಟಕಿಯಲ್ಲಿ ಯಾರದೋ ಹೊಲಮನೆಯ ಹರಾಜಿನಲ್ಲಿ ಒಂದು ಜರ್ಮನ್ ಕೋವಿ ಹಿಡಿದು ತಂದು ಸಂತೆಯಲ್ಲಿ ಮೇಜಿನ ಮೇಲಿಟ್ಟಿದ್ದ. ನಾರ್ಬರ್ಟ್ ರೂಢಿಯಂತೆ ಎತ್ತಿ ಬೋಲ್ಟಿನ ಬುಡ ನೋಡಿದ. 4471. ಕೆಳಗೆ ಅದೇ ಸಣ್ಣ ಅಕ್ಷರ, ಅದೇ ಕಾರ್ಖಾನೆಯ ಹದ್ದು.

ಸಂತೆಯಲ್ಲಿ ಬೇಕಾದ ವಸ್ತು ಕಂಡರೆ ಏನು ಮಾಡಬೇಕೆಂದು ಹಾಲುಗಲ್ಲದ ಹುಡುಗನಿಗೂ ಗೊತ್ತು. ಆಕಳಿಸಬೇಕು, ಪಕ್ಕದ ಸಾಮಾನಿನ ಬೆಲೆ ಕೇಳಬೇಕು, ಹವಾಮಾನ ಮಾತಾಡಬೇಕು. ಇಷ್ಟೂ ಗೊತ್ತಿದ್ದ ನಾರ್ಬರ್ಟ್ ಕೋವಿ ಹಿಡಿದುಕೊಂಡು ನಿಂತಲ್ಲೇ ಅತ್ತುಬಿಟ್ಟ. ಕ್ಲೀಟಸ್ ನೋಡಿದ. ವ್ಯಾಪಾರ ಅಲ್ಲಿಗೆ ಮುಗಿಯಿತು.

"ಬೋಲ್ಟು ಕೊಡು," ಎಂದ ನಾರ್ಬರ್ಟ್. "ಆಂಬ್ರೋಸಂದು ಅದು."

"ಆಂಬ್ರೋಸಂದು ಅಂತ ನಂಗೂ ಗೊತ್ತಾಯ್ತು. ಅದಕ್ಕೇ ಹೇಳ್ತೀನಿ, ಕೋವಿ ನಂಗೆ ಕೊಡು. ಕೋವಿ ಬೋಲ್ಟು ಎರಡೂ ಒಂದೇ ಮನೇಲಿರ್ಲಿ."

"ಹಾಗಾದ್ರೆ ಆ ಮನೆ ನಂದೇ ಆಗ್ಲಿ!"

"ನಿಮ್ಮನೆ ನೆಲಮಾಳಿಗೆ ತೇವ ಕಣಯ್ಯಾ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಕ್ಲೀಟಸ್ ಕೆಟ್ಟವನಲ್ಲ. ಗೆಳೆಯನಿಗೆ ಕಾಯಿಲೆಯಾದಾಗ ಅವನ ಹುಲ್ಲು ಕತ್ತರಿಸಿ, ಚರಂಡಿ ಬಿಡಿಸಿ, ಬೀರು ಕುಡಿಸಿ ಹೋದವನು. ಅಂಗಿ ಕೇಳಿದ್ದರೆ ಬಿಚ್ಚಿ ಕೊಡುತ್ತಿದ್ದ. ಆದರೆ ಜೋಡಿಯ ಅರ್ಧ ಕೈಯಲ್ಲಿದ್ದ ಸಂಗ್ರಾಹಕ ಅದನ್ನು ಬಿಟ್ಟುಕೊಡಲಾರ. ಅದು ಆ ಮಂದಿಯ ರೋಗ, ಅದಕ್ಕೆ ಮದ್ದಿಲ್ಲ. ನಾರ್ಬರ್ಟ್ ಒಂದು ಸ್ವಿಸ್ ಕೋವಿ ಕೊಡುತ್ತೇನೆಂದ, ಆಮೇಲೆ ಎರಡು ಎಂದ. ಕ್ಲೀಟಸ್ ಮೂರು ಕೊಡುತ್ತೇನೆ ನೀನೇ ಕೊಡು ಎಂದ. ವರ್ಷ ವರ್ಷವೂ ವಸಂತದ ಸಂತೆಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೂತು ಇಬ್ಬರೂ ಇದೇ ಮಾತಾಡಿದರು. ಗುರುವಾರದ ಇಸ್ಪೀಟಿನಲ್ಲಿ ಮಾತ್ರ ಆ ವಿಷಯ ಎತ್ತುತ್ತಿರಲಿಲ್ಲ. ಅಲ್ಲಿ ಜಗಳಕ್ಕೆ ಬೇರೆ ಕಾರಣಗಳಿದ್ದವು.

ಒಂದು ವರ್ಷ ನಾರ್ಬರ್ಟನಿಗೆ ನಿಜವಾಗಿ ರೇಗಿತು. "ನೀನು ಸಾಯೋವರೆಗೂ ಕಾಯ್ತೀನಿ ಬಿಡು. ಆಮೇಲೆ ಆಲ್ವೀನಾ ಹತ್ರ ಒಂದು ಬಟ್ಟಲು ಆಮೆ ಸೂಪು ಕುಡ್ಕೊಂಡು ಹಾಗೇ ಇಸ್ಕೊಂಡು ಬರ್ತೀನಿ."

"ಕೋಟಿನ ಜೇಬಲ್ಲಿ ಹಾಕ್ಕೊಂಡೇ ಮಲಗ್ತೀನಿ ಕಣೋ ಪೆಟ್ಟಿಗೇಲಿ," ಎಂದ ಕ್ಲೀಟಸ್. "ಅಗೆದು ತಗೋ."

ಆಲ್ವೀನಾ ಕ್ಲೀಟಸನ ಹೆಂಡತಿ. ಅವಳೂ ಇವರಿಬ್ಬರ ಜೊತೆ ಅದೇ ಶಾಲೆಯಲ್ಲಿ ಓದಿದವಳು. ಚರ್ಚಿನ ಹೆಂಗಸರ ಸಂಘಕ್ಕೆ ಅವಳೇ ಬೆನ್ನೆಲುಬು. ಸಂತೆಯಲ್ಲಿ ಸಂಘ ಮಾರುವ, ಆ ಕಡೆಗೆಲ್ಲ ಹೆಸರಾದ ಆಮೆ ಸೂಪಿನ ಹಂಡೆ ಅವಳದ್ದು, ಚರ್ಚಿನ ಹಿತ್ತಾಳೆ ಮೇಣದಬತ್ತಿ ಕಂಬಗಳಿಗೆ ಹೊಳಪು ಕೊಡುವುದೂ ಅವಳೇ. ಅವಳು ತಿಕ್ಕಿದ ಕಂಬದಲ್ಲಿ ಮುಖ ನೋಡಿಕೊಂಡು ಪಾದ್ರಿ ತಲೆ ಬಾಚಿಕೊಳ್ಳಬಹುದಿತ್ತು. ಗಂಡನ ಕೋವಿ ಕೋಣೆಗೆ ಮಾತ್ರ ಅವಳಿಗೂ ಅವಳ ಬಟ್ಟೆಗೂ ಪ್ರವೇಶವಿರಲಿಲ್ಲ.

ಕ್ಲೀಟಸ್ ಕಳೆದ ಸೆಪ್ಟೆಂಬರಿನಲ್ಲಿ ಹುಲ್ಲು ಕತ್ತರಿಸುತ್ತಾ ಕುಸಿದುಬಿದ್ದು ಸತ್ತ. ಮಾತಿಗೆ ಆಡಿದ್ದು ನಿಜವಾದರೆ ಮನುಷ್ಯನಿಗೆ ಎಂಥ ಹಿಂಸೆ ನೋಡಿ. ನಾರ್ಬರ್ಟ್ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂತಿಮ ದರ್ಶನಕ್ಕೆ ಹೋದಾಗ ಶವಪೆಟ್ಟಿಗೆಯ ಪಕ್ಕ ಮಂಡಿಯೂರಿ ಪ್ರಾರ್ಥಿಸಿ, ಎದ್ದು, ಗೆಳೆಯನ ಕೋಟಿನ ಜೇಬಿನ ಕಡೆ ಒಮ್ಮೆ ಕಣ್ಣು ಹಾಯಿಸಿದ. ಜೇಬು ಚಪ್ಪಟೆಯಾಗಿತ್ತು. ಹಾಗೆ ನೋಡಿದ್ದಕ್ಕೆ ಆಮೇಲೆ ಅವನಿಗೇ ಅಸಹ್ಯವಾಗಿ, ಶನಿವಾರ ಪಾದ್ರಿಯ ಹತ್ತಿರ ತಪ್ಪೊಪ್ಪಿಕೊಂಡು ಬಂದ.

ಚಳಿಗಾಲ ಕಳೆಯಿತು. ಫೆಬ್ರವರಿಯ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಆಲ್ವೀನಾ ಮೆಟ್ಟಿಲ ಮೇಲೆ ಅವನ ತೋಳು ಹಿಡಿದಳು.

"ಮನೆಗೆ ಬಾ ನಾರ್ಬರ್ಟ್. ಲೊರೆಟ್ಟಾನೂ ಕರ್ಕೊಂಡು ಬಾ. ಅವ್ರು ನಿಂಗೆ ಅಂತ ಒಂದು ಬಿಟ್ಟುಹೋಗಿದಾರೆ."

ಊಟದ ಮೇಜಿನ ಮೇಲೆ ಪರ್ಸಿಮನ್ ಹಣ್ಣಿನ ಪುಡಿಂಗು ಇತ್ತು, ಪಕ್ಕದಲ್ಲಿ ನೀಲಿ ಮಖಮಲ್ಲಿನಲ್ಲಿ ಸುತ್ತಿದ ಗಂಟು.

"ಹೋದ ಈಸ್ಟರ್‌ನಲ್ಲೇ ಹೇಳಿದ್ರು. 'ನಂಗೇನಾದ್ರೂ ಆದ್ರೆ ಇದನ್ನ ಯಾರಿಗೂ ಮಾರ್ಬೇಡ, ನಾರ್ಬರ್ಟಿಗೆ ಕೊಡು. ನಾನು ಬದುಕಿರೋವಾಗ ಕೊಟ್ರೆ ಅವನು ಸಂತೇಲಿ ನನ್ನ ಪಕ್ಕ ಕೂರಲ್ಲ' ಅಂತ." ಆಲ್ವೀನಾ ಮೂಗೊರೆಸಿಕೊಂಡಳು. "ಬಿಚ್ಚಿ ನೋಡು."

ನಾರ್ಬರ್ಟ್ ಬಿಚ್ಚಿದ. ಮಖಮಲ್ಲಿನ ಮೇಲೆ ಬೋಲ್ಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಕಿಟಕಿ ಕಾಣುತ್ತಿತ್ತು, ಕಿಟಕಿಯಾಚೆಯ ಮರ ಕಾಣುತ್ತಿತ್ತು, ಅವನ ಮುಖವೂ ಕಾಣುತ್ತಿತ್ತು. ತಿರುಗಿಸಿ ಬುಡ ನೋಡಿದ. ನಯವಾಗಿತ್ತು. ಹೆಬ್ಬೆರಳಿನಲ್ಲಿ ಸವರಿದ. ನಂಬರಿಲ್ಲ, ಅಕ್ಷರವಿಲ್ಲ, ಹದ್ದಿಲ್ಲ.

"ಎಷ್ಟು ಕೊಳೆಯಾಗಿತ್ತು ಗೊತ್ತಾ?" ಆಲ್ವೀನಾ ಹೇಳುತ್ತಿದ್ದಳು. "ನಲವತ್ತು ವರ್ಷ ಒಂದು ಬಟ್ಟೆ ತಗೊಂಡು ಆ ರೂಮಿಗೆ ಹೋಗಕ್ಕೆ ಬಿಡ್ಲಿಲ್ಲ ಮಹಾರಾಯ. ಕೊಡೋದು ಕೊಡ್ತೀನಿ, ಚೆನ್ನಾಗಿ ಕೊಡೋಣ ಅಂತ ಮೊದ್ಲು ನಾನೇ ತಿಕ್ಕಿದೆ. ಹೋಗ್ಲಿಲ್ಲ. ನನ್ನ ತಂಗಿ ಮಗ ಮೋಟರ್‌ಸೈಕಲ್ಲಿಗೆ ಹೊಳಪು ಹಾಕ್ತಾನಲ್ಲ, ಅವನ ಪಾಲಿಷ್ ಚಕ್ರಕ್ಕೆ ಕೊಟ್ಟೆ. ಬುಡದಲ್ಲಿ ಏನೇನೋ ಗೀಚಿದ ಹಾಗಿತ್ತು, ತುಕ್ಕಿನ ಗುಂಡಿ. ಅದನ್ನೂ ಪೂರ್ತಿ ತೆಗಿ ಅಂತ ನಿಂತು ತೆಗೆಸಿದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕತೆ. ಲೊರೆಟ್ಟಾ ಮೇಜಿನ ಕೆಳಗೆ ಗಂಡನ ಮಂಡಿಯ ಮೇಲೆ ಕೈಯಿಟ್ಟಳು, ಬಿಗಿಯಾಗಿ ಇಟ್ಟಳು. ಇನ್ನೇನು ಅವನ ಬಾಯಿಂದ ಅಜ್ಜಿಮುಖದಂಥ ಮಾತು ಬರುತ್ತದೆಂದು ಅವಳಿಗೆ ಜೀವವೇ ಹೋದ ಹಾಗಾಗಿತ್ತು. ನಾರ್ಬರ್ಟ್ ಆಲ್ವೀನಾಳ ಕೈ ನೋಡಿದ. ಹಿತ್ತಾಳೆ ತಿಕ್ಕುವ ಪುಡಿಯ ಕಪ್ಪು ಇನ್ನೂ ಉಗುರಿನ ಸಂದಿಯಲ್ಲಿತ್ತು.

"ಚರ್ಚಿನ ಕಂಬದ ಹಾಗಿದೆ," ಎಂದ.

"ಹೌದಾ! ನಂಗೂ ಹಾಗೇ ಅನ್ನಿಸ್ತು. ಸಂತೇಲಿ ಇಡ್ತೀಯಾ? ಈ ಸಲ ಅವ್ರ ಮೇಜು ನಾನೇ ತಗೊಂಡಿದೀನಿ. ಅವ್ರು ಎರಡೂ ಒಟ್ಟಿಗೆ ನೋಡ್ಬೇಕು ಅಂತಿದ್ರು. ನಾನಾದ್ರೂ ನೋಡ್ತೀನಿ."

"ಇಡ್ತೀನಿ," ಎಂದು ನಾರ್ಬರ್ಟ್ ಪುಡಿಂಗಿಗೆ ಚಮಚ ಹಾಕಿದ.

ಮನೆಗೆ ಬಂದು ನೇರ ನೆಲಮಾಳಿಗೆಗೆ ಇಳಿದ. ಐವತ್ತು ವರ್ಷ ಕಾದು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನು ಈ ಬೋಲ್ಟು ಆಂಬ್ರೋಸನದು ಎಂದು ಅವನು ಬೈಬಲ್ ಮುಟ್ಟಿ ಹೇಳಿದರೂ ಯಾವನೂ ನಂಬುವಂತಿಲ್ಲ. ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎದ್ದು ಅಣ್ಣನ ಕೋವಿಯಿಂದ ಹಳೆಯ ಬೋಲ್ಟು ತೆಗೆದು, ಹೊಳೆಯುವುದನ್ನು ಒಳಗೆ ತಳ್ಳಿದ. ಅದು ತಡೆಯಲಿಲ್ಲ, ಕರಕರ ಅನ್ನಲಿಲ್ಲ. ಕಾರ್ಖಾನೆಯಲ್ಲಿ ಚೆನ್ನಾಗಿ ಕೂತ ಡ್ರಾಯರು ಒಳಗೆ ಹೋಗುವಾಗ ಕಡೆಯಲ್ಲಿ ಮೆಲ್ಲಗೆ ಉಸಿರು ಬಿಡುತ್ತದೆ, ಹಾಗೆ ಹೋಗಿ ಮುಚ್ಚಿಕೊಂಡಿತು. ಅವನು ಮತ್ತೆ ತೆರೆದ, ಮತ್ತೆ ಮುಚ್ಚಿದ. ಲೊರೆಟ್ಟಾ ಮೇಲಿನಿಂದ ಊಟಕ್ಕೆ ಕರೆಯುವವರೆಗೂ ಅದನ್ನೇ ಮಾಡುತ್ತಿದ್ದ.

ಏಪ್ರಿಲ್ ಸಂತೆಯ ದಿನ ಬಾಗಿಲಲ್ಲಿ ಎಲ್ಲ ಕೋವಿಗಳಿಗೂ ರೂಢಿಯಂತೆ, ಗುಂಡು ಹಾರದ ಹಾಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಟ್ಟರು. ನಾರ್ಬರ್ಟ್ ತನ್ನ ಮೇಜಿನ ನಡುವೆ ಆಂಬ್ರೋಸನ ಕೋವಿ ಇಟ್ಟ. ಉಳಿದವೆಲ್ಲ ಮಂಕಾಗಿ ಮಲಗಿದ್ದವು, ಅದರ ಬೋಲ್ಟು ಮಾತ್ರ ತಗಡಿನ ಛಾವಣಿಯ ದೀಪಗಳನ್ನೆಲ್ಲ ಹಿಡಿದುಕೊಂಡು ಮಿಂಚುತ್ತಿತ್ತು. ಪಕ್ಕದ ಮೇಜಿನಲ್ಲಿ ಆಲ್ವೀನಾ ಗಂಡನ ಟೋಪಿ ಎದುರಿಗಿಟ್ಟುಕೊಂಡು ಕೂತಿದ್ದಳು. ಸೂಪಿನ ಹಂಡೆ ಈ ಸಲ ಸಂಘದ ಬೇರೆಯವರ ಪಾಲು.

ಮೊದಲು ನೋಡಿದವನು ಕರ್ಟಿಸ್. ಅವನಿಗೀಗ ಹೊಟ್ಟೆ ಬಂದಿತ್ತು, ಗಡ್ಡ ನರೆತಿತ್ತು. ಬಗ್ಗಿ ನೋಡಿ, ನಂಬಲಾರದೆ ಕನ್ನಡಕ ಹಾಕಿಕೊಂಡು ಮತ್ತೆ ನೋಡಿ, ಸಿಳ್ಳೆ ಹೊಡೆದ.

"ಬನ್ರೋ ಬನ್ರೋ, ಬಂದು ನೋಡ್ರೋ! ನಾರ್ಬರ್ಟನ ಮೇಜಿನ ಮೇಲೆ ಕ್ರಿಸ್‌ಮಸ್ ಬಂದಿದೆ!"

ಜನ ಸೇರಿದರು. ಯಾರೋ "ಅಯ್ಯೋ ದೇವ್ರೇ" ಎಂದರು. ಯಾರೋ ನಂಬರಿದೆಯಾ ಎಂದು ಬೆರಳಾಡಿಸಿದರು.

"ಅಲ್ಲಯ್ಯಾ," ಎಂದ ಕರ್ಟಿಸ್, ಇಷ್ಟು ವರ್ಷ ಕಾದು ಬಂದ ಸುಖ ಮುಖದ ತುಂಬ ಇತ್ತು. "ಯಾವ ಕತ್ತೆ ಮಾಡಿದ್ದು ಇದನ್ನ? ಯಾವ ತಲೆ ಕೆಟ್ಟೋನು ನಂಬರು ಉಜ್ಜಿ ತೆಗೆದಿದ್ದು?"

ಪಕ್ಕದ ಮೇಜಿನಲ್ಲಿ ಆಲ್ವೀನಾ ತಲೆಯೆತ್ತಿದಳು. ಅವಳ ಬಾಯಿ ಅರ್ಧ ತೆರೆಯಿತು.

"ನಾನು," ಎಂದ ನಾರ್ಬರ್ಟ್.

"ನೀನಾ?"

"ನಾನೇ ಮಾಡಿದ್ದು. ತುಕ್ಕು ಹಿಡಿದಿತ್ತು, ನೋಡಕ್ಕಾಗ್ತಿರ್ಲಿಲ್ಲ. ತಿಕ್ಕಿದೆ."

ಶೆಡ್ಡು ನಕ್ಕಿತು. ಕರ್ಟಿಸ್ ಮೇಜು ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡು ನಕ್ಕ, ಆ ಸಾಲಿನ ಕೊನೆಯವರೆಗೂ ಹೋಗಿ ಎಲ್ಲರಿಗೂ ಹೇಳಿ ಬಂದ. "ನಾರ್ಬರ್ಟಜ್ಜಿ ಮುಖ ತೊಳ್ಕೊಂಡಿದಾಳೆ, ನೋಡಿ ಹೋಗಿ!" ಹೊಸ ಹೆಸರು ಮಧ್ಯಾಹ್ನದೊಳಗೆ ಕಾಫಿ ಮಾರುವವರ ಬಾಯಿಗೂ ಬಂತು. ನಾರ್ಬರ್ಟ್ ಕೆಂಪಾಗಿ ಕೂತಿದ್ದ, ಎದ್ದು ಹೋಗಲಿಲ್ಲ, ಕೋವಿಯ ಮೇಲೆ ಬಟ್ಟೆಯನ್ನೂ ಮುಚ್ಚಲಿಲ್ಲ.

ಗುಂಪು ಕರಗಿದ ಮೇಲೆ ಆಲ್ವೀನಾ ಎರಡು ಬಟ್ಟಲು ಆಮೆ ಸೂಪು ತಂದು ಅವನ ಮೇಜಿನ ಮೇಲಿಟ್ಟಳು. ಕೂರಲಿಲ್ಲ. ಅವನ ಮೇಜಿನ ಮೇಲಿನ ಕೋವಿಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಮಂಕು, ಎಲ್ಲದರ ಬೋಲ್ಟಿನ ಬುಡದಲ್ಲೂ ಏನೋ ಕುಟ್ಟಿದ ಗುರುತು. ಆಮೇಲೆ ಹೊಳೆಯುತ್ತಿದ್ದುದನ್ನು ನೋಡಿದಳು.

"ನಾರ್ಬರ್ಟ್, ಅದರ ಬುಡದಲ್ಲಿ ಇದ್ದಿದ್ದು ಏನು?"

"ತುಕ್ಕು."

"ತುಕ್ಕು ಅಂಕಿ ಥರ ಇರತ್ತಾ?"

"ಕೆಲವು ಸಲ ಇರತ್ತೆ," ಎಂದು ಅವನು ಪಕ್ಕದ ಕುರ್ಚಿ ಎಳೆದ. "ಸೂಪು ಆರೋಗತ್ತೆ ಆಲ್ವೀನಾ, ಕೂತ್ಕೋ."

ಅವಳು ಕ್ಲೀಟಸನ ಟೋಪಿಯನ್ನು ಎತ್ತಿ ತಂದು, ನಾರ್ಬರ್ಟನ ಪಕ್ಕ ಕೂತಳು.